ನೂರು ಬಾಟಲಿ ಎಲ್ಲಿಡುತ್ತೀರಿ?

ಫೈಟರ್ ಮೀನನ್ನು ಮನೆಯಲ್ಲಿ ಮರಿ ಮಾಡಿಸುವುದು ಕಷ್ಟದ ಕೆಲಸವೇನಲ್ಲ. ಒಂದು ಗಂಡು, ಒಂದು ಹೆಣ್ಣು, ಗೇಣಿಗಿಂತ ಕಡಿಮೆ ಆಳದ ನೀರು, ತೇಲಲು ಬಿಟ್ಟ ಒಂದು ಒಣ ಬಾದಾಮಿ ಎಲೆ, ಎರಡು ಮೂರು ದಿನದ ತಾಳ್ಮೆ ಇದ್ದರೆ ಆಯಿತು. ಗಂಡು ತಾನೇ ನೊರೆಗೂಡು ಕಟ್ಟುತ್ತದೆ, ತಾನೇ ಮೊಟ್ಟೆ ಹೆಕ್ಕಿ ಗೂಡಿಗಿಡುತ್ತದೆ, ತಾನೇ ಕಾವಲು ಕಾಯುತ್ತದೆ. ಮನುಷ್ಯನ ಪಾಲಿಗೆ ಉಳಿಯುವುದು ಫೋಟೋ ತೆಗೆದು ಮನೆಮಂದಿಯ ಗುಂಪಿಗೆ ಕಳಿಸುವ ಕೆಲಸ ಮಾತ್ರ. ಇಷ್ಟು ಸುಲಭವಾಗಿರುವುದರಿಂದಲೇ ಪುಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಚೆನ್ನೈಯ ಬಾಡಿಗೆ ಮನೆಯ ತಾರಸಿಯಲ್ಲಿ, ದಿಲ್ಲಿಯ ಮೂರನೇ ಮಹಡಿಯ ಅಡುಗೆಕಟ್ಟೆಯ ಮೇಲೆ ಪ್ರತಿ ವಾರ ಯಾರೋ ಒಬ್ಬರು ಎರಡು ಮೀನುಗಳನ್ನು ಒಂದೇ ನೀರಿಗೆ ಬಿಡುತ್ತಿದ್ದಾರೆ.

ಬಿಡುವ ಮೊದಲು ಅವರಲ್ಲಿ ಹೆಚ್ಚಿನವರು ಒಂದು ಲೆಕ್ಕ ಹಾಕಿರುವುದಿಲ್ಲ. ಒಂದು ಸಲದ ಮೊಟ್ಟೆಯಲ್ಲಿ ನೂರರಿಂದ ಮುನ್ನೂರು ಮರಿ ಬರುವುದು ಈ ಮೀನಿನಲ್ಲಿ ಸಾಮಾನ್ಯ. ಚೆನ್ನಾಗಿ ಸಾಕಿ ನೂರೈವತ್ತು ಉಳಿದವು ಎನ್ನಿ. ಅದರಲ್ಲಿ ಅರ್ಧದಷ್ಟು ಗಂಡು. ಎರಡು ಮೂರು ತಿಂಗಳು ತುಂಬುವ ಹೊತ್ತಿಗೆ ಆ ಗಂಡುಗಳು ಒಂದರ ಬಾಲ ಒಂದು ಹರಿಯತೊಡಗುತ್ತವೆ, ಆಗ ಒಂದೊಂದನ್ನೂ ಬೇರೆ ಬೇರೆ ಪಾತ್ರೆಯಲ್ಲಿಡಬೇಕು. ಎಪ್ಪತ್ತೈದು ಮೀನು, ಎಪ್ಪತ್ತೈದು ಬಾಟಲಿ. ತೀರ ಜುಗ್ಗುತನ ಮಾಡಿ ಬಾಟಲಿಗೆ ಎರಡು ಲೀಟರ್ ಎಂದುಕೊಂಡರೂ ನೂರೈವತ್ತು ಲೀಟರ್ ನೀರು. ಅಷ್ಟು ಚಿಕ್ಕ ಪಾತ್ರೆಯಲ್ಲಿ ಸೋಸುವ ಯಂತ್ರ ಕೂರುವುದಿಲ್ಲ, ಹಾಗಾಗಿ ವಾರಕ್ಕೆ ಎರಡು ಸಲವಾದರೂ ಅರ್ಧ ನೀರು ಬದಲಿಸಬೇಕು. ಬಾಟಲಿಗೆ ಎರಡೇ ನಿಮಿಷ ಹಿಡಿದರೂ ಒಂದು ಸುತ್ತಿಗೆ ಎರಡೂವರೆ ಗಂಟೆ. ಕೊಳಾಯಿ ನೀರನ್ನು ನೇರ ಸುರಿಯುವಂತಿಲ್ಲ, ಕ್ಲೋರಿನ್ ಹೋಗಬೇಕು, ಒಂದು ದಿನ ಮೊದಲೇ ಡ್ರಮ್ಮಿನಲ್ಲಿ ತುಂಬಿಡಬೇಕು. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರುಣಿಸುವ ಜಲಾಶಯಗಳೆಲ್ಲ ಒಣಗಿ ನಿಂತಾಗ ಕೊಡಪಾನಕ್ಕೆ ಸರದಿ ನಿಂತವರಿಗೆ ಈ ಲೆಕ್ಕದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸಾಮಾನ್ಯವಾಗಿ ಮುಂದೆ ನಡೆಯುವುದು ಇಷ್ಟು. ಹದಿನೈದು ಬಾಟಲಿಗೆ ಉತ್ಸಾಹ ಇರುತ್ತದೆ. ಇಪ್ಪತ್ತನೆಯದಕ್ಕೆ ಮನೆಯವರ ಆಕ್ಷೇಪ ಬರುತ್ತದೆ. ಉಳಿದ ಮರಿಗಳು ದೊಡ್ಡ ತೊಟ್ಟಿಯಲ್ಲೇ ಉಳಿದು ಒಂದನ್ನೊಂದು ಕಚ್ಚಿ, ಕೊಳೆತ ನೀರಲ್ಲಿ ಬಾಲ ಕರಗಿ, ದಿನಕ್ಕೆ ನಾಲ್ಕೈದರಂತೆ ತೇಲುತ್ತವೆ. ಕೊನೆಗೆ ಒಂದು ಶನಿವಾರ ಯಾರೋ ಒಬ್ಬರು ಬಕೆಟ್ಟು ಹಿಡಿದು ಹತ್ತಿರದ ಕೆರೆಗೆ ಹೋಗುತ್ತಾರೆ. 'ಬಿಡುಗಡೆ ಮಾಡಿದೆವು' ಎಂಬ ಮಾತು ಆಮೇಲೆ ಬರುತ್ತದೆ.

ಇದನ್ನು ಹವ್ಯಾಸ ಎನ್ನುವುದಕ್ಕಿಂತ ಬೇಜವಾಬ್ದಾರಿ ಎನ್ನುವುದು ಹೆಚ್ಚು ಸರಿ. ಈ ಬೇಜವಾಬ್ದಾರಿಗೆ ಬೆಂಬಲವಾಗಿ ನಿಂತಿರುವ ನಾಲ್ಕೈದು ಸುಳ್ಳುಗಳಿವೆ. ಅವು ಎಷ್ಟು ಹಳೆಯವೆಂದರೆ ಅಂಗಡಿಯವರೂ ಈಗ ಅವನ್ನು ನಂಬಿಯೇ ಹೇಳುತ್ತಾರೆ.

ಮೊದಲನೆಯದು, 'ಇದು ಗದ್ದೆಯ ಹೆಜ್ಜೆಗುಂಡಿಯಲ್ಲಿ ಬದುಕುವ ಮೀನು, ಇದಕ್ಕೆ ಲೋಟದಷ್ಟು ನೀರು ಸಾಕು' ಎಂಬುದು. ಫೈಟರ್ ಮೀನಿನ ಮೂಲ ಥಾಯ್ಲೆಂಡಿನ ಚಾವೊ ಫ್ರಾಯಾ ನದಿಯ ಬಯಲು. ಅಲ್ಲಿನ ಭತ್ತದ ಗದ್ದೆ, ಜೌಗು, ಹುಲ್ಲು ತುಂಬಿದ ಹಳ್ಳಗಳಲ್ಲಿ ಅದರ ವಾಸ. ನೀರು ಆಳವಿಲ್ಲ ಎಂಬುದು ನಿಜವೇ. ಆದರೆ ಗದ್ದೆ ಅಗಲವಿಲ್ಲವೆಂದು ಯಾರು ಹೇಳಿದರು? ಮಂಡ್ಯದಲ್ಲಾಗಲಿ ಗಂಗಾವತಿಯಲ್ಲಾಗಲಿ ನೀರು ಕಟ್ಟಿದ ಗದ್ದೆಯ ಬದುವಿನ ಮೇಲೆ ನಿಂತು ನೋಡಿದವರಿಗೆ ಗೊತ್ತು, ಮೊಣಕಾಲಿಗೂ ಬಾರದ ಆ ನೀರು ಕಣ್ಣು ಹಾಯುವಷ್ಟು ದೂರ ಹರಡಿರುತ್ತದೆ. ಆಳ ಕಡಿಮೆ ಎಂಬುದನ್ನೇ ಜಾಗ ಕಡಿಮೆ ಎಂದು ತಿರುಚಿ ಲೋಟ ಮಾರುವವರು ಲಾಭ ಮಾಡಿಕೊಂಡಿದ್ದಾರೆ. ಬೇಸಿಗೆಯಲ್ಲಿ ಗದ್ದೆ ಬತ್ತಿ ಮೀನು ಕೆಸರುಗುಂಡಿಯಲ್ಲಿ ಸಿಕ್ಕಿಕೊಳ್ಳುವುದುಂಟು. ಆದರೆ ಅದು ಅದರ ಮನೆಯಲ್ಲ, ಅದರ ಬರಗಾಲ.

ಈ ಮೀನಿಗೆ ಕಿವಿರಿನ ಜೊತೆಗೆ ತಲೆಯೊಳಗೆ ಲ್ಯಾಬಿರಿಂತ್ ಎಂಬ ಇನ್ನೊಂದು ಉಸಿರಾಟದ ಅಂಗವಿದೆ. ಮೇಲಕ್ಕೆ ಬಂದು ಗಾಳಿ ಗುಟುಕರಿಸಿ ಅದರಿಂದ ಆಮ್ಲಜನಕ ಹೀರುತ್ತದೆ. ಹಾಗಾಗಿ ಕೆಟ್ಟ ನೀರಿನಲ್ಲೂ ಬೇಗ ಸಾಯುವುದಿಲ್ಲ. ಬೇಗ ಸಾಯುವುದಿಲ್ಲ ಎನ್ನುವುದು ಚೆನ್ನಾಗಿದೆ ಎನ್ನುವುದರ ಸಾಕ್ಷಿಯಾಗಿಬಿಟ್ಟಿರುವುದೇ ಇಲ್ಲಿನ ಮೋಸ. ಹೈದರಾಬಾದಿನ ಮೀನು ಮಾರುಕಟ್ಟೆಗೆ ಹೋಗುವವರು ಕೊರಮೀನನ್ನು ನೋಡಿಯೇ ಇರುತ್ತಾರೆ. ಅದೂ ಗಾಳಿ ಉಸಿರಾಡುವ ಮೀನು, ಬೋಗುಣಿಯ ತಳದ ಒಂದಿಷ್ಟು ನೀರಿನಲ್ಲಿ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗೆಂದು ಬೋಗುಣಿಯೇ ಕೊರಮೀನಿನ ಮನೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ತಾಜಾ ಇರಲಿ, ಗಿರಾಕಿ ಬರುವವರೆಗೆ ಸಾಯದಿರಲಿ ಎಂದು ಮಾಡಿದ ಏರ್ಪಾಡು ಅದು ಎಂದು ಮಾರುವವಳಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಅಕ್ವೇರಿಯಂ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯೂ ಅದೇ ಬಗೆಯ ಏರ್ಪಾಡು. ವ್ಯತ್ಯಾಸವೆಂದರೆ ಇಲ್ಲಿ ಆ ಡಬ್ಬಿಯನ್ನೇ ಬಣ್ಣದ ಕಲ್ಲು ಸೇರಿಸಿ ಮನೆಗೆ ಕಳಿಸುತ್ತಾರೆ.

ಲ್ಯಾಬಿರಿಂತ್ ಇದ್ದ ಮಾತ್ರಕ್ಕೆ ಅಮೋನಿಯ ಕಾಡದೆ ಬಿಡುವುದಿಲ್ಲ. ಮೀನು ಕಿವಿರಿನ ಮೂಲಕ ಹೊರಹಾಕುವ ಅಮೋನಿಯ, ತಿನ್ನದೆ ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯ ಎರಡೂ ಆ ಎರಡು ಲೀಟರಿನಲ್ಲೇ ಸುತ್ತುತ್ತಿರುತ್ತವೆ. ದೊಡ್ಡ ತೊಟ್ಟಿಯಲ್ಲಿ ಇದನ್ನು ಒಡೆದು ನಿರುಪದ್ರವಿ ಮಾಡುವ ಸೂಕ್ಷ್ಮಜೀವಿಗಳು ನೆಲೆಯೂರುತ್ತವೆ. ದಿನ ಬಿಟ್ಟು ದಿನ ತೊಳೆಯುವ ಬಾಟಲಿಯಲ್ಲಿ ಅವಕ್ಕೆ ನೆಲೆಯಿಲ್ಲ. ಚೆನ್ನಾಗಿ ನೋಡಿಕೊಂಡರೆ ಮೂರು ವರ್ಷದ ಆಸುಪಾಸು ಬದುಕಬಲ್ಲ ಮೀನು ಆರೇ ತಿಂಗಳಿಗೆ ಸತ್ತಾಗ 'ಅದರ ಆಯಸ್ಸೇ ಅಷ್ಟು' ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ.

ಎರಡನೆಯ ಸುಳ್ಳು ಹೆಸರಿನಲ್ಲೇ ಇದೆ. ಥಾಯ್ ಭಾಷೆಯಲ್ಲಿ ಇದನ್ನು ಪ್ಲಾ ಕಟ್ ಎನ್ನುತ್ತಾರೆ, ಕಚ್ಚುವ ಮೀನು ಎಂದರ್ಥ. ಇಂಗ್ಲಿಷಿನವರು ಫೈಟರ್ ಎಂದರು. ಶಾಸ್ತ್ರೀಯ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್, ಆ ಹೆಸರನ್ನು 1910ರಲ್ಲಿ ಕೊಟ್ಟವನು ಬ್ರಿಟಿಷ್ ಮತ್ಸ್ಯಶಾಸ್ತ್ರಜ್ಞ ಚಾರ್ಲ್ಸ್ ಟೇಟ್ ರೀಗನ್. (ಕನ್ನಡದ ಕಿವಿಗೆ ಬೆಟ್ಟಾ ಎಂದರೆ ಚಾಮುಂಡಿಯೋ ನಂದಿಯೋ ನೆನಪಾಗುತ್ತದೆ, ಆ ಬೆಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ.) ಕಾದಾಟಕ್ಕೆಂದೇ ಇದನ್ನು ಶತಮಾನಗಳಿಂದ ಅಲ್ಲಿ ಆರಿಸಿ ಆರಿಸಿ ಬೆಳೆಸಿದ್ದಾರೆ, ಪಂದ್ಯ ಕಟ್ಟಿದ್ದಾರೆ. ಇವತ್ತು ಅಂಗಡಿಯಲ್ಲಿ ಸಿಗುವುದು ಆ ಪಳಗಿಸಿದ ತಳಿಗಳ ವಂಶ. ಕಾಡಿನ ಮೀನು ಜಗಳ ಮಾಡುವುದಿಲ್ಲ ಎಂದಲ್ಲ, ಮಾಡುತ್ತದೆ. ರೆಕ್ಕೆ ಹರಡಿ, ಕಿವಿರಿನ ಮುಚ್ಚಳ ಅರಳಿಸಿ, ಒಂದೆರಡು ಸಲ ಕಚ್ಚಿ, ಸೋತದ್ದು ಹುಲ್ಲಿನೊಳಗೆ ನುಸುಳಿ ಓಡಿಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಸೋತ ಮೀನು ಓಡಿಹೋಗುವುದಾದರೂ ಎಲ್ಲಿಗೆ? ಸಾಯುವವರೆಗೆ ಹೊಡೆದಾಡುವುದು ಅದರ ಹುಟ್ಟುಗುಣ ಎಂದು ಹೇಳುವವರು ಓಡುವ ದಾರಿಯನ್ನು ಮೊದಲು ಮುಚ್ಚಿ ಆಮೇಲೆ ಗುಣದ ಮಾತಾಡುತ್ತಿದ್ದಾರೆ.

ಕರಾವಳಿಯ ಕೋಳಿ ಅಂಕದ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ 'ಇನ್ನೂ ಈ ಕಾಲದಲ್ಲೂ' ಎಂದು ಮೂಗು ಮುರಿಯುವವರ ಮನೆಯಲ್ಲೇ ಮಕ್ಕಳು ಎರಡು ಫೈಟರ್ ಬಾಟಲಿಗಳನ್ನು ತಾಗಿಸಿಟ್ಟು, ನಡುವಿನ ರಟ್ಟು ತೆಗೆದು ಮಜಾ ನೋಡುತ್ತಿರುತ್ತಾರೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಅಲ್ಲಿ ಹುಂಜಕ್ಕೊಂದು, ಮೀನಿಗೊಂದು ಎಂಬ ಭೇದವಿಲ್ಲ. ಭೇದವಿರುವುದು ನೋಡುವವರ ಕಣ್ಣಲ್ಲಿ. ಹುಂಜದ ರಕ್ತ ಕೆಂಪಗೆ ಕಾಣುತ್ತದೆ, ಮೀನಿನದು ನೀರಿನಲ್ಲಿ ಕರಗಿಹೋಗುತ್ತದೆ.

ಇನ್ನೊಂದು ಮಾತು ಬಹಳ ಮುದ್ದಾಗಿ ಕೇಳಿಸುತ್ತದೆ: 'ಗಂಡು ನೊರೆಗೂಡು ಕಟ್ಟಿದೆ, ಅದಕ್ಕೆ ಜೋಡಿ ಬೇಕಂತೆ.' ಬೆಳೆದ ಗಂಡು ಹೆಣ್ಣಿನ ಮುಖವನ್ನೇ ನೋಡದಿದ್ದರೂ ಗೂಡು ಕಟ್ಟುತ್ತದೆ. ಅದು ಮದುವೆಯ ಅರ್ಜಿಯಲ್ಲ. ಆದರೆ ಆ ಗೂಡು ಕಂಡ ದಿನವೇ ಅಂಗಡಿಗೆ ಓಡಿ ಒಂದು ಹೆಣ್ಣನ್ನು ತಂದು ನೇರ ಒಳಗೆ ಬಿಡುವವರಿದ್ದಾರೆ. ತಿಳಿದವರು ಹಾಗೆ ಮಾಡುವುದಿಲ್ಲ. ವಾರ ಹತ್ತು ದಿನ ಎರಡಕ್ಕೂ ಬೇರೆ ಬೇರೆಯಾಗಿ ಸೊಳ್ಳೆಮರಿಯಂಥ ಜೀವಂತ ಆಹಾರ ಕೊಟ್ಟು ಮೈಗೂಡಿಸುತ್ತಾರೆ. ಹೆಣ್ಣನ್ನು ಗಾಜಿನ ಚಿಮಣಿಯೊಳಗಿಟ್ಟು ಗಂಡಿಗೆ ತೋರಿಸುತ್ತಾರೆ. ಹೆಣ್ಣಿನ ಮೈಮೇಲೆ ಅಡ್ಡವಲ್ಲ, ಉದ್ದುದ್ದ ಪಟ್ಟೆಗಳು ಎದ್ದು, ಹೊಟ್ಟೆಯಡಿ ಬಿಳಿ ಚುಕ್ಕೆ ಮೂಡಿದರೆ ಮಾತ್ರ ಬಿಡುತ್ತಾರೆ. ಬಿಟ್ಟ ಮೇಲೂ ಅಡಗಲು ಗಿಡ ಇರಬೇಕು. ಗಂಡು ಹೆಣ್ಣನ್ನು ಬಳಸಿ ಹಿಂಡಿದಂತೆ ಅಪ್ಪಿಕೊಳ್ಳುತ್ತದೆ, ಮೊಟ್ಟೆಗಳು ಉದುರುತ್ತವೆ, ಗಂಡು ಒಂದೊಂದನ್ನೂ ಬಾಯಲ್ಲಿ ಹೆಕ್ಕಿ ಗೂಡಿಗೆ ಅಂಟಿಸುತ್ತದೆ. ಮೊಟ್ಟೆ ಮುಗಿದ ಕೂಡಲೆ ಹೆಣ್ಣನ್ನು ತೆಗೆಯದಿದ್ದರೆ ಗಂಡು ಅದನ್ನು ಹರಿದುಹಾಕುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆಯೊಡೆದು, ಇನ್ನೆರಡು ಮೂರು ದಿನದಲ್ಲಿ ಮರಿಗಳು ನೇರ ಈಜತೊಡಗಿದಾಗ ಗಂಡನ್ನೂ ತೆಗೆಯಬೇಕು.

ಇಲ್ಲಿಯವರೆಗಿನದು ಮೊಬೈಲಿನಲ್ಲಿ ಚೆಂದ ಕಾಣುತ್ತದೆ. ಆಮೇಲಿನದು ಕಾಣುವುದೇ ಇಲ್ಲ, ಏಕೆಂದರೆ ಆ ಮರಿ ಒಂದು ರೆಪ್ಪೆಗೂದಲಿನಷ್ಟು. ಪುಡಿ ಆಹಾರ ಅದರ ಬಾಯಿಗೆ ದೊಡ್ಡದು, ಮೇಲಾಗಿ ಅಲುಗಾಡದ್ದನ್ನು ಅದು ತಿನ್ನುವುದೂ ಇಲ್ಲ. ಎಲೆಕೋಸಿನ ಎಲೆಯನ್ನೋ ಬಾಳೆಹಣ್ಣಿನ ಸಿಪ್ಪೆಯನ್ನೋ ನೀರಲ್ಲಿ ಕೊಳೆಹಾಕಿ ಸೂಕ್ಷ್ಮಜೀವಿ ಬೆಳೆಸಬೇಕು. ಆಮೇಲೆ ಓಟ್ಸ್ ಗಂಜಿಯಲ್ಲಿ ಬೆಳೆಯುವ ಸಣ್ಣ ಹುಳು, ಉಪ್ಪುನೀರಲ್ಲಿ ದಿನವೂ ಮೊಟ್ಟೆಯೊಡೆಸುವ ಆರ್ಟೀಮಿಯಾ. ಇವನ್ನೆಲ್ಲ ಮೀನುಗಳನ್ನು ಜೋಡಿ ಮಾಡುವ ಒಂದು ವಾರ ಮೊದಲೇ ಸಿದ್ಧ ಮಾಡಿಕೊಂಡಿರಬೇಕು. ಮಾಡದವರ ಮನೆಯಲ್ಲಿ ಹತ್ತನೇ ದಿನಕ್ಕೆ ತೊಟ್ಟಿ ಖಾಲಿ. 'ಅದೇನೋ ರೋಗ ಬಂತು' ಎನ್ನುತ್ತಾರೆ. ಹಸಿವಿಗೆ ರೋಗವೆಂಬ ಹೆಸರು ಕೊಟ್ಟರೆ ಮನಸ್ಸಿಗೆ ಹಗುರ.

ಅದನ್ನು ದಾಟಿದರೂ ಮೂರು ನಾಲ್ಕನೇ ವಾರ ಇನ್ನೊಂದು ಗಂಡಾಂತರ. ಲ್ಯಾಬಿರಿಂತ್ ಅಂಗ ಬೆಳೆಯುವುದು ಆಗಲೇ. ಮರಿ ಮೊದಲ ಬಾರಿಗೆ ಮೇಲೆ ಬಂದು ಉಸಿರೆಳೆಯುವಾಗ ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇರಬೇಕು. ನೀರು 26ರಿಂದ 28 ಡಿಗ್ರಿ. ಚೆನ್ನೈ, ಮುಂಬಯಿಯಲ್ಲಿ ಹವೆಯೇ ಇದನ್ನು ನೋಡಿಕೊಳ್ಳುತ್ತದೆ. ಪುಣೆಯ ಡಿಸೆಂಬರಿನಲ್ಲಿ, ದಿಲ್ಲಿಯ ಜನವರಿಯಲ್ಲಿ ಹೀಟರಿಲ್ಲದೆ ಆಗದು, ಹೀಟರನ್ನು ಎಪ್ಪತ್ತೈದು ಬಾಟಲಿಗೆ ಹಾಕಲಾಗದು. ಚೆನ್ನೈಯ ಕೊಳತ್ತೂರು ಬಣ್ಣದ ಮೀನಿನ ಊರಾಗಿ ಬೆಳೆದದ್ದರ ಹಿಂದೆ ಜನರ ಶ್ರಮವಿದೆ, ಜೊತೆಗೆ ಆ ಸೆಕೆಯೂ ಇದೆ.

ಕೊಳತ್ತೂರಿನ ಮಾತು ಬಂದಾಗ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಬಣ್ಣದ ಮೀನು ಸಾವಿರಾರು ಮನೆಗಳಿಗೆ ಅನ್ನ ಕೊಡುತ್ತಿದೆ, ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಿಂದ ಹಿತ್ತಲಿನಲ್ಲಿ ಅಲಂಕಾರಿಕ ಮೀನು ಸಾಕುವ ಘಟಕಗಳಿಗೆ ಸಹಾಯಧನ ಕೊಡುತ್ತಿದೆ, ಸರ್ಕಾರವೇ ಮಾಡಿ ಎನ್ನುತ್ತಿರುವುದನ್ನು ಬೇಡ ಎನ್ನಲು ಯಾರಿಗೆ ಅಧಿಕಾರ ಎಂಬುದು ಆ ಆಕ್ಷೇಪ. ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ಪ್ರಶ್ನೆಯಲ್ಲೇ ಇದೆ. ಮೀನಿನಿಂದ ಅನ್ನ ತಿನ್ನುವವನು ಮೊದಲು ಜಾಗ ನೋಡುತ್ತಾನೆ, ನೀರು ನೋಡುತ್ತಾನೆ, ಕೊಳ್ಳುವವನನ್ನು ನೋಡುತ್ತಾನೆ, ಆಮೇಲೆ ಮೀನು ನೋಡುತ್ತಾನೆ. ಮರಿ ಸತ್ತರೆ ಅವನಿಗೆ ಬಾಡಿಗೆ ಕಟ್ಟಲು ಹಣವಿರುವುದಿಲ್ಲ. ಅವನಲ್ಲೂ ದೋಷಗಳಿವೆ, ಸಾಲು ಸಾಲು ಬಾಟಲಿಯ ಬದುಕು ಅಲ್ಲೂ ಹಿತವಾದದ್ದೇನಲ್ಲ. ಆದರೆ ತಿಂಗಳ ಸಂಬಳ ಬೇರೆಲ್ಲಿಂದಲೋ ಬರುವ, ಬೇಸರ ಕಳೆಯಲು ಜೋಡಿ ಬಿಡುವ ಬಾಲ್ಕನಿಯ ಹವ್ಯಾಸಿ ಅವನ ಹೆಗಲ ಹಿಂದೆ ಅಡಗಿಕೊಳ್ಳುವುದು ಸರಿಯಲ್ಲ. ಅಷ್ಟೇ ಅಲ್ಲ, ಮಿಕ್ಕ ಮರಿಗಳನ್ನು ಬಂದಷ್ಟು ಬೆಲೆಗೆ ಅಂಗಡಿಗೆ ತಳ್ಳಿ ಅವನ ಬೆಲೆಯನ್ನೂ ಕೆಡಿಸುತ್ತಾನೆ.

ಇನ್ನು ಹೆಣ್ಣು ಮರಿಗಳ ಮಾತು. ಹವ್ಯಾಸಿಗಳ ಹರಟೆಯಲ್ಲಿ ಇದು ಬರುವುದೇ ಕಡಿಮೆ. ಅಂಗಡಿಗೆ ಬೇಕಾದದ್ದು ಉದ್ದ ರೆಕ್ಕೆಯ, ಹೊಳೆಯುವ ಗಂಡು. ಗಿಡ್ಡ ರೆಕ್ಕೆಯ, ಮಂಕು ಬಣ್ಣದ ಹೆಣ್ಣನ್ನು ಮತ್ತೊಬ್ಬ ಹವ್ಯಾಸಿಯ ಹೊರತು ಯಾರೂ ಕೇಳುವುದಿಲ್ಲ. ಒಂದು ಬಾರಿಯ ಮರಿಗಳಲ್ಲಿ ಅರ್ಧದಷ್ಟು ಹೀಗೆ ಬೇಡದವು. ಕೆಲವರು ಒಟ್ಟಿಗೆ ಸಾಕುತ್ತಾರೆ, ಹೆಣ್ಣುಗಳೂ ಕಚ್ಚಾಡುತ್ತವೆ ಎಂಬುದು ಆಮೇಲೆ ತಿಳಿಯುತ್ತದೆ. ಕೆಲವರು ಅರೋವಾನಾದಂಥ ದೊಡ್ಡ ಮೀನು ಸಾಕಿದವರಿಗೆ ಮೇವಾಗಿ ಕೊಡುತ್ತಾರೆ. ಇದಕ್ಕೆ ಅವರ ಭಾಷೆಯಲ್ಲಿ ಕಲ್ಲಿಂಗ್ ಎಂಬ ಒರಟಿಲ್ಲದ ಪದವಿದೆ. ಹೆಣ್ಣು ಬೇಡವೆಂದು ತೆಗೆಸುವ ಪದ್ಧತಿಯ ವಿರುದ್ಧ ಕಾನೂನು ಮಾಡಬೇಕಾಗಿ ಬಂದ ದೇಶದಲ್ಲಿ ಈ ಲೆಕ್ಕಾಚಾರ ಮನೆಯ ಮಕ್ಕಳ ಕಣ್ಣೆದುರೇ ನಡೆಯುತ್ತದೆ, 'ಮಕ್ಕಳಿಗೆ ಜೀವದ ಬಗ್ಗೆ ಕಲಿಸುತ್ತಿದ್ದೇವೆ' ಎಂಬ ಸಮರ್ಥನೆಯೊಂದಿಗೆ.

ಹೊಸ ತಳಿ ತೆಗೆಯುವ ಚಪಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಾಫ್‌ಮೂನ್, ಕ್ರೌನ್‌ಟೇಲ್, ಡಂಬೋ, ಡ್ರ್ಯಾಗನ್, ಕೋಯಿ ಎಂದು ಹೆಸರುಗಳು ಸೀರೆಯಂಗಡಿಯ ಪಟ್ಟಿಯಂತಿವೆ. ಜೋಡಿ ಬಾಲದ ಎರಡನ್ನು ಕೂಡಿಸಿದರೆ ಬೆನ್ನುಹುರಿ ಡೊಂಕಾದ ಮರಿಗಳು ಹೆಚ್ಚುತ್ತವೆ. ಡ್ರ್ಯಾಗನ್ ತಳಿಯ ದಪ್ಪ ಹುರುಪೆ ಕೆಲವು ಮೀನುಗಳಲ್ಲಿ ಕಣ್ಣಿನ ಮೇಲೂ ಬೆಳೆದು ಕುರುಡು ಮಾಡುತ್ತದೆ. ರೆಕ್ಕೆ ಅತಿಯಾಗಿ ಬೆಳೆದದ್ದು ಅದನ್ನು ಹೊತ್ತು ಈಜಲಾರದೆ ತನ್ನ ಬಾಲವನ್ನು ತಾನೇ ಕಚ್ಚಿಕೊಳ್ಳುತ್ತದೆ. ಒಂದೇ ಅಂಗಡಿಯಿಂದ ಒಂದೇ ದಿನ ತಂದ ಗಂಡು ಹೆಣ್ಣು ಅಣ್ಣತಂಗಿಯಾಗಿರುವ ಸಾಧ್ಯತೆಯೇ ಹೆಚ್ಚು ಎಂಬುದು ಇದರ ಮೇಲೆ.

ಕೆರೆಗೆ ಬಿಟ್ಟರೇನು ತಪ್ಪು ಎನ್ನುವವರಿಗೆ ಟ್ಯಾಂಕ್ ಕ್ಲೀನರ್ ಎಂದು ಕರೆಯುವ ದಕ್ಷಿಣ ಅಮೆರಿಕದ ಮೀನಿನ ಕಥೆ ಸಾಕು. ಗಾಜಿನ ಪಾಚಿ ತಿನ್ನುತ್ತದೆಂದು ತಂದು, ದೊಡ್ಡದಾದಾಗ ಕೆರೆಗೆ ಎಸೆದರು. ಈಗ ಆಂಧ್ರದ ಮೀನುಗಾರರು ಅದನ್ನು ದೆವ್ವದ ಮೀನು ಎಂದು ಶಪಿಸುತ್ತಾರೆ, ಅದರ ಮುಳ್ಳಿಗೆ ಬಲೆ ಹರಿಯುತ್ತದೆ. ಫೈಟರ್ ಅಷ್ಟು ಗಟ್ಟಿಯಲ್ಲದಿರಬಹುದು, ಉದ್ದ ಬಾಲದ ಗಂಡು ಮೊದಲ ಮಿಂಚುಳ್ಳಿಗೇ ತುತ್ತಾಗುತ್ತದೆ. ಆದರೆ ಆಸ್ಟ್ರೇಲಿಯಾದ ಉತ್ತರ ಭಾಗದ ನೀರಿನಲ್ಲಿ ಅದು ಈಗಾಗಲೇ ನೆಲೆಯೂರಿದೆ. ವಿಚಿತ್ರವೆಂದರೆ ಥಾಯ್ಲೆಂಡಿನ ಬಯಲಿನಲ್ಲೇ ಅದರ ಕಾಡು ಸಂತತಿ ಅಪಾಯದ ಪಟ್ಟಿ ಸೇರಿದೆ. 2019ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಲೋಕದ ಬಾಟಲಿಗಳಲ್ಲೆಲ್ಲ ತುಂಬಿರುವ ಮೀನಿಗೆ ಅದರ ಗದ್ದೆಯಲ್ಲೇ ಜಾಗ ಕಡಿಮೆಯಾಗುತ್ತಿದೆ.

ಸರ್ಕಾರ ನೋಡಿಕೊಳ್ಳಲಿ ಎಂದು ಕೂರುವಂತೆಯೂ ಇಲ್ಲ. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮ ಹೊರಡಿಸಿತ್ತು. ವ್ಯಾಪಾರಿಗಳ ಗದ್ದಲದ ನಂತರ ಕೆಲವೇ ತಿಂಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. 2018ರ ಸಾಕುಪ್ರಾಣಿ ಅಂಗಡಿ ನಿಯಮದಲ್ಲಿ ನಾಯಿ, ಬೆಕ್ಕು, ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್, ಇಲಿ, ಪಕ್ಷಿಗಳ ಹೆಸರಿದೆ. ಮೀನಿನ ಹೆಸರಿಲ್ಲ.

ಅಪ್ಪನಾದ ಮೀನು ನೊರೆಯ ಕೆಳಗೆ ಕಾವಲು ನಿಂತು, ಜಾರಿ ಬೀಳುವ ಮರಿಯನ್ನು ಬಾಯಲ್ಲಿ ಹಿಡಿದು ಮತ್ತೆ ಗೂಡಿಗೆ ಉಗುಳುವುದನ್ನು ನೋಡಬೇಕೆಂಬ ಆಸೆ ತಪ್ಪಲ್ಲ. ನೋಡಬೇಕಾದ ದೃಶ್ಯವೇ ಅದು. ಅದಕ್ಕೆ ಫೈಟರೇ ಆಗಬೇಕೆಂದಿಲ್ಲ. ಕೇರಳ, ತಮಿಳುನಾಡಿನ ಗದ್ದೆ ಕಾಲುವೆಗಳಲ್ಲಿ ಇದರದ್ದೇ ಬಳಗದ ಒಂದು ಪುಟ್ಟ ಮೀನಿದೆ, ಶಾಸ್ತ್ರೀಯ ಹೆಸರು ಸ್ಯೂಡೊಸ್ಫ್ರೊಮೆನಸ್ ಕ್ಯುಪಾನಸ್. ಬೆರಳುದ್ದ, ಕಂದು ಬಣ್ಣ, ಬಾಲದ ನಡುವೆ ಒಂದು ಮೊನೆ. ಅದರ ಗಂಡೂ ನೊರೆಗೂಡು ಕಟ್ಟುತ್ತದೆ, ಮರಿ ಕಾಯುತ್ತದೆ. ಬೆಳೆದ ಮೇಲೆ ಗಿಡಗಳಿರುವ ಒಂದೇ ತೊಟ್ಟಿಯಲ್ಲಿ ಅವು ಒಟ್ಟಿಗೆ ಬದುಕುತ್ತವೆ, ಬಾಟಲಿಯ ಸಾಲು ಬೇಕಾಗುವುದಿಲ್ಲ. ಆದರೆ ಅದು ಕಡುನೀಲಿಯೂ ಅಲ್ಲ, ಕೆಂಪೂ ಅಲ್ಲ. ಅಂಗಡಿಯಲ್ಲಿ ಯಾರೂ ಅದನ್ನು ಮುಂದಿನ ಸಾಲಿನಲ್ಲಿಡುವುದಿಲ್ಲ.

ಇಷ್ಟಾದ ಮೇಲೂ ಫೈಟರನ್ನೇ ಮರಿ ಮಾಡಿಸಬೇಕೆನ್ನುವವರು ಮೀನು ತರುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಲಿ. ಇಪ್ಪತ್ತು ಖಾಲಿ ಬಾಟಲಿ ಸಾಲಾಗಿ ಜೋಡಿಸಿ, ನೀರು ತುಂಬಿ, ಮೀನೇ ಇಲ್ಲದೆ ಒಂದು ತಿಂಗಳು ವಾರಕ್ಕೆರಡು ಸಲ ಒಂದೊಂದರ ಅರ್ಧ ನೀರನ್ನೂ ಬದಲಿಸಲಿ. ಹಿಂದಿನ ದಿನ ಡ್ರಮ್ಮು ತುಂಬಿಸಲಿ. ಹಬ್ಬಕ್ಕೆ ಊರಿಗೆ ಹೋಗುವುದಿದ್ದರೆ ಬಾಟಲಿ ನೋಡಿಕೊಳ್ಳುವವರನ್ನು ಗೊತ್ತು ಮಾಡಿ ಹೋಗಲಿ. ತಿಂಗಳ ಕೊನೆಯಲ್ಲೂ ಆ ಇಪ್ಪತ್ತು ಬಾಟಲಿಗಳು ಅಲ್ಲೇ ಇದ್ದರೆ, ಇನ್ನು ಐವತ್ತೈದಕ್ಕೆ ಜಾಗ ಹುಡುಕಲು ಶುರು ಮಾಡಬಹುದು.